ಸ್ಟಾಫ್ ರೂಮಿನ ನಗೆ: ಹಿಡಿಯುವುದು ಹೇಗೆ, ಬರೆಯುವುದು ಹೇಗೆ

'ಕಾಗದ ಉಳಿತಾಯ ಕಾರ್ಯಾಗಾರದ ವರದಿಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.' ಇಂಥ ಸುತ್ತೋಲೆಗೆ ಜೋಕು ಸೇರಿಸಬೇಕಿಲ್ಲ, ಕಳೆದುಹೋಗದಂತೆ ಹಿಡಿದಿಟ್ಟರೆ ಸಾಕು. ಕಾಲೇಜಿನಲ್ಲಿ ಕಡತ ಹೇಳುವುದೊಂದು, ನಡೆಯುವುದೊಂದು. ನಗೆ ಹುಟ್ಟುವುದೇ ಅಲ್ಲಿ. ಅಧ್ಯಾಪಕರು ಅದನ್ನು ಕಾಲೇಜಿನ ಗೋಡೆಪತ್ರಿಕೆಗೆ ಬರೆಯುವುದು ಹೇಗೆಂದು ನೋಡೋಣ.

ಜೇಬಿಗೆ ಹಿಡಿಸುವ ನೋಟ್‌ಬುಕ್ ಇರಲಿ. ಕಂಡದ್ದನ್ನು ಅದೇ ದಿನ ಬರೆಯಿರಿ. ಮರುದಿನಕ್ಕೆ 'ಮೀಟಿಂಗ್ ಮಜವಾಗಿತ್ತು' ಎಂಬುದಷ್ಟೇ ಉಳಿದಿರುತ್ತದೆ, ಆಡಿದ ಮಾತು ಮರೆತಿರುತ್ತದೆ. ಮಾತನ್ನು ಇದ್ದಂತೆಯೇ ಬರೆಯಿರಿ, ಜೊತೆಗೆ ಎಣಿಸಿ. 'ಬಹಳ ಸಹಿ ಬೇಕಾಯಿತು' ಎಂದರೆ ಯಾರೂ ನಗುವುದಿಲ್ಲ. 'ಒಂದು ಡಸ್ಟರಿಗೆ ಐದು ಸಹಿ, ಐದನೆಯವರು ರಜೆ' ಎಂದರೆ ನಗುತ್ತಾರೆ.

ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನಕ್ಕೆ ಹಿಂದಿನ ವಾರ, ಇಂಟರ್ನಲ್ಸ್ (ಆಂತರಿಕ ಪರೀಕ್ಷೆ) ಅಂಕ ಅಪ್‌ಲೋಡ್ ಮಾಡುವ ಕೊನೆಯ ದಿನ, ವೈವಾ (ಮೌಖಿಕ ಪರೀಕ್ಷೆ) ಮುಗಿದ ಮೇಲಿನ ಊಟ: ಇವು ಸುಗ್ಗಿಯ ಕಾಲ. ಕೃತಿಚೌರ್ಯದ ತಪಾಸಣೆಯಂತೂ ಬತ್ತದ ಬಾವಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಬೇರೆ ಬರಹಗಳೊಂದಿಗೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಹೋಲಿಕೆ ಹಿಡಿಯುವ ತಂತ್ರಾಂಶದ ಕಣ್ಣು ತಪ್ಪಿಸಲು ಪದ ಬದಲಿಸುತ್ತಾ ಹೋದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯೂ ಇದೆ. ಪ್ರಕಟಿತ ಇಂಗ್ಲಿಷ್ ಲೇಖನಗಳಲ್ಲಿ 'ಕೃತಕ ಬುದ್ಧಿಮತ್ತೆ' ಎಂಬರ್ಥದ ಪದದ ಬದಲು 'ಖೋಟಾ ಪ್ರಜ್ಞೆ' ಎಂಬರ್ಥದ ಪದ ಕೂತಿದ್ದನ್ನು 2021ರಲ್ಲಿ ಸಂಶೋಧಕರು ಎತ್ತಿ ತೋರಿಸಿದರು. ನಿಮ್ಮ ವಿಭಾಗದ ಪಾರಿಭಾಷಿಕ ಪದವೊಂದನ್ನು ಹೀಗೆ ಮೂರು ಸಲ ಬದಲಿಸಿ ನೋಡಿ, ಬರಹದ ಅರ್ಧ ಅಲ್ಲೇ ಸಿಗುತ್ತದೆ.

ಬರೆಯುವಾಗ ತಿಂಗಳಿಗೆ ಒಂದೇ ಸಂಗತಿ, ಸುಮಾರು 150 ಪದ. ಹೊಸಬರಿಗೆ ಸುತ್ತೋಲೆಯ ರೂಪವೇ ಸುಲಭ: ವಿಷಯ, ಉಲ್ಲೇಖ, 'ಈ ಮೂಲಕ ತಿಳಿಯಪಡಿಸುವುದೇನೆಂದರೆ', ಕೊನೆಗೆ 'ತಪ್ಪಿದಲ್ಲಿ ಶಿಸ್ತುಕ್ರಮ'. ಭಾಷೆ ಗಂಭೀರವಾಗಿದ್ದಷ್ಟೂ ಒಳ್ಳೆಯದು, ಆಶ್ಚರ್ಯಸೂಚಕ ಚಿಹ್ನೆ ಬೇಡವೇ ಬೇಡ. ನಗೆಯ ಪದ ವಾಕ್ಯದ ತುದಿಯಲ್ಲಿರಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ 'ಐದನೆಯವರು ರಜೆಯಲ್ಲಿದ್ದುದು ಕಂಡುಬಂದಿರುತ್ತದೆ' ಎಂದು ಎಳೆದರೆ ನಗು ಆರಿಹೋಗುತ್ತದೆ. 'ಐದನೆಯವರು ರಜೆ' ಎಂದು ಅಲ್ಲಿಗೇ ನಿಲ್ಲಿಸಿ.

ಹೆಚ್ಚಿನವರು ಕೆಡಿಸುವುದು ಉತ್ಪ್ರೇಕ್ಷೆಯಿಂದ. ಐದು ಸಹಿಯನ್ನು ಐವತ್ತು ಮಾಡಿದರೆ ಓದುಗ ನಂಬುವುದಿಲ್ಲ, ನಂಬದವನು ನಗುವುದೂ ಇಲ್ಲ. ಇದಕ್ಕಿಂತ ಕೆಟ್ಟದ್ದು ವಿದ್ಯಾರ್ಥಿಯ ಉತ್ತರಪತ್ರಿಕೆಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕುವುದು. ಉತ್ತರಪತ್ರಿಕೆ ಗೋಪ್ಯ. ಮೇಲಾಗಿ, ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದ ಹುಡುಗಿ ಇಂಗ್ಲಿಷಿನಲ್ಲಿ ತಡವರಿಸಿದರೆ ಅದು ನಗುವ ವಿಷಯವೇ ಅಲ್ಲ. ಉತ್ತರ ವಿಚಿತ್ರವಾಗಿ ಕಂಡರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಎಷ್ಟೋ ಸಲ ವಿಚಿತ್ರ ಇರುವುದು ಪ್ರಶ್ನೆಯಲ್ಲೇ, ಅದರ ಬಗ್ಗೆ ಧಾರಾಳವಾಗಿ ಬರೆಯಬಹುದು.

ವ್ಯಕ್ತಿಯ ಗುರುತು ಸಿಗದಂತೆ ವಿಭಾಗ ಬದಲಿಸಿ, ಎರಡು ಘಟನೆಗಳನ್ನು ಒಂದಾಗಿಸಿ. ಗೋಡೆಪತ್ರಿಕೆಗೆ ಅಂಟಿಸುವ ಮುನ್ನ ಆಫೀಸಿನ ಗುಮಾಸ್ತರಿಗೆ ಓದಿ ಹೇಳಿ. ಅವರು ಸುಮ್ಮನಾದರೆ ಯಾರಿಗೋ ನೋವಾಗುವ ಸಾಲು ಎಲ್ಲೋ ಇದೆ, ಹುಡುಕಿ ತೆಗೆಯಿರಿ. ನಕ್ಕು, 'ಸಾರ್, ಆರನೇ ಸಹಿ ಬಿಟ್ಟಿದೀರಿ' ಎಂದರೆ ಅಂಟಿಸಿ.