ಡೈಜೆಸ್ಟ್‌ನಲ್ಲಿ ಒಂದೇ ಪತ್ರ ಎರಡೆರಡು ಬಾರಿ: ನಾನು ನಿಲ್ಲಿಸಿದ ಬಗೆ

ನಮ್ಮ ಹಳೆ ವಿದ್ಯಾರ್ಥಿ ಸಂಘದ ಮೇಲಿಂಗ್ ಲಿಸ್ಟ್ ಇಂದಿಗೂ ಮಂಗಳೂರಿನ ಹಂಪನಕಟ್ಟೆಯ ಪುಟ್ಟ ಕೋಣೆಯೊಂದರಲ್ಲಿರುವ ಸರ್ವರ್‌ನಿಂದಲೇ ನಡೆಯುತ್ತಿದೆ. ಪತ್ರಗಳನ್ನು ಸದಸ್ಯರಿಗೆಲ್ಲ ಹಂಚುವ ತಂತ್ರಾಂಶ ಮೇಲ್‌ಮ್ಯಾನ್ 2.1, ಅದರ ಮುಂದೆ ಇ-ಮೇಲ್ ಬರಮಾಡಿಕೊಳ್ಳುವ ಪೋಸ್ಟ್‌ಫಿಕ್ಸ್. ಸದಸ್ಯರು ಒಂಬೈನೂರರ ಆಸುಪಾಸು. ಮುಂಬಯಿ, ದುಬೈ, ಮಸ್ಕತ್‌ಗಳಲ್ಲಿರುವ ಹೆಚ್ಚಿನವರು ಆಯಾ ದಿನದ ಪತ್ರಗಳನ್ನೆಲ್ಲ ಒಟ್ಟಿಗೆ ಕಟ್ಟಿದ ಡೈಜೆಸ್ಟ್ ಮಾತ್ರ ಓದುತ್ತಾರೆ. ಅದರಲ್ಲಿ ಒಂದೇ ಪತ್ರ ಎರಡು, ಕೆಲವೊಮ್ಮೆ ಮೂರು ಬಾರಿ ಬರತೊಡಗಿದಾಗ, ಇದನ್ನು ಮುಚ್ಚಿ ವಾಟ್ಸಾಪ್‌ಗೆ ಹೋಗೋಣ ಎಂದರು ಸಂಘದವರು. ಎಲ್ಲವನ್ನೂ ಹೊಸದಾಗಿ ಕಟ್ಟಿಕೊಡಲು ಬೆಂಗಳೂರಿನ ಸಲಹೆಗಾರರೊಬ್ಬರು ನಲವತ್ತು ಸಾವಿರದಷ್ಟು ಕೇಳಿದರು. ನನ್ನ ಕೈಯಿಂದ ಹೋದದ್ದು ಎರಡು ಸಾವಿರಕ್ಕೂ ಕಡಿಮೆ.

ಮೇಲ್‌ಮ್ಯಾನ್‌ನ ‘ನೋಡ್ಯೂಪ್ಸ್’ (ನಕಲು ಬೇಡ) ಆಯ್ಕೆ ಹಾಕಿದರೆ ಸಾಕು ಎಂದು ಹಲವರು ಹೇಳಿದರು. ಅದು ‘ಟು’ ಅಥವಾ ‘ಸಿಸಿ’ಯಲ್ಲಿ ಹೆಸರಿರುವ ಸದಸ್ಯರಿಗೆ ಹೋಗುವ ಬಿಡಿ ಪ್ರತಿಯನ್ನು ಮಾತ್ರ ತಡೆಯುತ್ತದೆ, ಡೈಜೆಸ್ಟ್‌ನ ಗೊಡವೆಗೇ ಹೋಗುವುದಿಲ್ಲ. ಡೈಜೆಸ್ಟನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಕ್ರಾನ್ ಎರಡು ಕಡೆ ಓಡುತ್ತಿದೆಯೇ ಎಂದೂ ನೋಡಿದೆ, ಇರಲಿಲ್ಲ.

ಕೊನೆಗೆ ಡೈಜೆಸ್ಟ್ ಕಳುಹಿಸುವ ಮುನ್ನವೇ ಪತ್ರಗಳು ಸೇರುತ್ತಾ ಹೋಗುವ ಅದರ ಎಂಬಾಕ್ಸ್ ಕಡತವನ್ನು ತೆರೆದು ಜೋಡಿಗಳನ್ನು ಅಕ್ಕಪಕ್ಕ ಇಟ್ಟೆ. ಕಳುಹಿಸುವಾಗ ಪತ್ರಕ್ಕೆ ಅಂಟುವ ಗುರುತಾದ ಮೆಸೇಜ್-ಐಡಿ ಒಂದೇ, ಪತ್ರ ಬಂದಾಗ ಸರ್ವರ್ ದಾಖಲಿಸುವ ‘ರಿಸೀವ್ಡ್’ ಸಾಲುಗಳಲ್ಲಿ ಕ್ಯೂ (ಸರತಿ) ಸಂಖ್ಯೆ ಬೇರೆ ಬೇರೆ, ನಡುವೆ ಕಾಲು ಗಂಟೆಯ ಅಂತರ. ಅಂದರೆ ನಕಲು ಹುಟ್ಟಿದ್ದು ಬಾಗಿಲಿನಲ್ಲೇ. ಎಲ್ಲವೂ ಯಕ್ಷಗಾನ, ಕಂಬಳಗಳ ಚಿತ್ರ ಹೊತ್ತ ದಪ್ಪ ಪತ್ರಗಳು. ನಮ್ಮ ವೈರಸ್ ಸ್ಕ್ಯಾನರ್ ಪತ್ರವನ್ನು ಪೂರ್ತಿ ಜಾಲಾಡಿದ ಬಳಿಕವೇ ಸರ್ವರ್ ‘250’, ಅಂದರೆ ‘ಪತ್ರ ಸಿಕ್ಕಿತು’, ಎನ್ನುತ್ತಿತ್ತು. ಅಷ್ಟರಲ್ಲಿ ಕಳುಹಿಸುವವರ ಕಡೆಯ ಸರ್ವರ್ ಕಾದು ಬೇಸತ್ತು ಸಂಪರ್ಕ ಕಡಿದು, ಮತ್ತೆ ಕಳುಹಿಸುತ್ತಿತ್ತು. ಈ ರೋಗವನ್ನು 1988ರ ಆರ್‌ಎಫ್‌ಸಿ 1047 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ವಿವರವಾಗಿ ಬರೆದಿಟ್ಟಿದೆ. ಪತ್ರ ಮುಗಿಯಿತೆಂದು ಸೂಚಿಸುವ ಕೊನೆಯ ಚುಕ್ಕೆಯ ನಂತರ ಹತ್ತು ನಿಮಿಷ ಕಾಯಬೇಕೆಂಬ ನಿಯಮವಿದ್ದರೂ ಎಲ್ಲರೂ ಕಾಯುವುದಿಲ್ಲ.

ಸಾವಿರದ ಎಂಟುನೂರು ಕೊಟ್ಟು ಹಳೆಯ ರ‍್ಯಾಮ್ ತಂದು ಸೇರಿಸಿದೆ. ಸ್ಕ್ಯಾನರ್ ಚುರುಕಾಯಿತು, ನಕಲು ಅರ್ಧಕ್ಕಿಳಿಯಿತು, ನಿಲ್ಲಲಿಲ್ಲ. ನಂತರ ಮೊದಲು ಸ್ವೀಕರಿಸಿ ಆಮೇಲೆ ಸೋಸುವಂತೆ ಸ್ಕ್ಯಾನಿಂಗನ್ನು ಕ್ಯೂನ ಹಿಂದಕ್ಕೆ ತಳ್ಳಿದೆ. ಮಾರನೆಯ ದಿನ ಸಣ್ಣ ಪತ್ರಗಳೂ ಎರಡೆರಡು! ಸಂಘದಲ್ಲಿ ನಗೆ. ಆದರೆ ಈ ಬಾರಿ ಅಂತರ ಕಾಲು ಗಂಟೆಯದ್ದಲ್ಲ, ಕೆಲವೇ ಸೆಕೆಂಡುಗಳದ್ದು. ರೋಗ ಬೇರೆ ಎಂದು ನನಗೆ ತಕ್ಷಣ ಹೊಳೆಯಿತು. ಒಂದು ವಿಳಾಸಕ್ಕೆ ಬಂದದ್ದನ್ನು ಬೇರೆಡೆಗೆ ತಿರುಗಿಸುವ ಅಲಿಯಾಸ್‌ಗಳು ಸೋಸುವ ಮೊದಲೊಮ್ಮೆ, ನಂತರ ಮತ್ತೊಮ್ಮೆ ಬಿಡಿಸಿಕೊಳ್ಳುತ್ತಿದ್ದವು. ಪೋಸ್ಟ್‌ಫಿಕ್ಸ್‌ನಲ್ಲಿ ‘ನೋ_ಅಡ್ರೆಸ್_ಮ್ಯಾಪಿಂಗ್ಸ್’ ಆಯ್ಕೆ ಹಾಕಿ ಒಂದು ಕಡೆಯದನ್ನು ನಿಲ್ಲಿಸಿದೆ. ಅಂದಿನಿಂದ ಡೈಜೆಸ್ಟ್ ಶುಭ್ರ.

ಬಿಡುವಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಕೆಲವರು ಮರೆತು ಅದೇ ಪತ್ರವನ್ನು ಹೊಸದಾಗಿ ಕಳುಹಿಸುತ್ತಾರೆ, ಆಗ ಐಡಿ ಬೇರೆ. ಐಡಿ ನೋಡಿ ನಕಲು ಹಿಡಿಯುವ ಫಾರ್ಮೇಲ್ ಉಪಕರಣದ ‘-ಡಿ 8192’ ಸೂತ್ರ ಅಲ್ಲಿ ಸೋಲುತ್ತದೆ. ಪತ್ರದ ಒಡಲಿನ ಹ್ಯಾಶ್ (ಬರಹದಿಂದ ಲೆಕ್ಕಹಾಕಿದ ಗುರುತು) ಹಿಡಿದು ಹೋಲಿಸಿದರೆ, ‘ಹಾರ್ದಿಕ ಅಭಿನಂದನೆಗಳು’ ಎಂದು ಬರೆದ ಐವರಲ್ಲಿ ನಾಲ್ವರ ಪತ್ರ ಮಾಯ. ಕಳುಹಿಸಿದವರ ವಿಳಾಸವನ್ನೂ ಸೇರಿಸಿ ಸರಿಪಡಿಸಿದೆ. ಹ್ಯಾಶ್‌ಗೆ ಮುನ್ನ ಒಡಲಿನಿಂದ ಏನನ್ನು ಕಿತ್ತುಹಾಕುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಮೇಲ್‌ಮ್ಯಾನ್‌ನ ಹಳೆಯ ಆವೃತ್ತಿ ಇರುವವರಿಗೆ ಒಂದು ಮಾತು: ತಪ್ಪು ಅಕ್ಷರ ಸಂಕೇತದ ಪತ್ರ ಡೈಜೆಸ್ಟ್ ಹಂತದಲ್ಲೇ ಮುಗ್ಗರಿಸಿ ಶಂಟ್‌ಗೆ (ಕೆಟ್ಟುನಿಂತ ಪತ್ರಗಳ ಬದಿಸಾಲಿಗೆ) ಬಿದ್ದರೆ, ಅನ್‌ಶಂಟ್ ಮಾಡಿ ಮತ್ತೆ ಸಾಲಿಗೆ ಸೇರಿಸುವ ಮುನ್ನ ಎಂಬಾಕ್ಸ್‌ನಲ್ಲಿ ಅದರ ಐಡಿ ಹುಡುಕಿ. ಬಹುಪಾಲು ಅದು ಆಗಲೇ ಅಲ್ಲಿ ಕುಳಿತಿರುತ್ತದೆ.