29 ಸಮಪಾಲಿನ ಶ್ರುತಿಯಲ್ಲಿ ಮಧ್ಯಯುಗದ ಧಾಟಿ: ನನ್ನ ಅನುಭವ

ಹದಿನಾಲ್ಕನೇ ಶತಮಾನದ ಯುರೋಪಿನ ಧಾಟಿಯಲ್ಲಿ ಪುಟ್ಟ ಪುಟ್ಟ ಹೊಸ ಕೃತಿಗಳನ್ನು ಕಟ್ಟುವುದು ನನಗೆ ತುಂಬಾ ಇಷ್ಟ. ಎರಡು ಮೂರು ದನಿ, ಕೆಳಗೊಂದು ಉದ್ದನೆಯ ಸ್ವರ, ಅಷ್ಟೇ. ಆದರೆ ಒಂದು ಸ್ಥಾಯಿಯನ್ನು, ಅಂದರೆ ಸ-ದಿಂದ ಮೇಲಿನ ಸ-ವರೆಗಿನ ಅಂತರವನ್ನು, 12 ಸಮಪಾಲು ಮಾಡುವ ಮಾಮೂಲಿ ಕೀಬೋರ್ಡಿನ ಶ್ರುತಿಯಲ್ಲಿ ಇವು ಸಪ್ಪೆಯಾಗಿ ಕೇಳುತ್ತವೆ. ಈಗ ನಾನು ಬಹುತೇಕ ಕೆಲಸವನ್ನು ಸ್ಥಾಯಿಯ 29 ಸಮಪಾಲಿನಲ್ಲಿ ಮಾಡುತ್ತೇನೆ.

ಆ ಕಾಲದ ಶಾಸ್ತ್ರಗ್ರಂಥಗಳು ಹೇಳುವುದು ಪೈಥಾಗೊರಸ್ ಶ್ರುತಿಯನ್ನು. ಶುದ್ಧವಾದ ಸ-ಪ ಅಂತರವನ್ನೇ, ಅಂದರೆ ಕಂಪನಾಂಕಗಳ 3:2 ಅನುಪಾತವನ್ನು, ಒಂದರ ಮೇಲೊಂದು ಪೇರಿಸುತ್ತಾ ಹೋದರೆ ಉಳಿದ ಸ್ವರಗಳು ಸಿಗುತ್ತವೆ. ಹಾಗೆ ಸಿಕ್ಕ ಗಾಂಧಾರ 408 ಸೆಂಟ್ಸ್ (ಒಂದು ಸ್ಥಾಯಿಗೆ 1200 ಸೆಂಟ್ಸ್). ನಮ್ಮ ತಂಬೂರಿಯಲ್ಲಿ ತಾನಾಗಿ ಮೂಡುವ ಅಂತರ ಗಾಂಧಾರ 386 ಸೆಂಟ್ಸ್. ಅದು ಹಿತವಾಗಿ ಕೂರುತ್ತದೆ, 408ರದ್ದು ಚಡಪಡಿಸುತ್ತದೆ. ಈ ಸಂಗೀತಕ್ಕೆ ಆ ಚಡಪಡಿಕೆಯೇ ಬೇಕು. ಇಲ್ಲಿ ಗಾಂಧಾರ ನಿಲ್ಲುವ ಜಾಗ ಅಲ್ಲ, ದಾಟಿ ಹೋಗುವ ಜಾಗ.

ಹದಿನಾಲ್ಕನೇ ಶತಮಾನದ ಫ್ರೆಂಚ್ ಸಂಗೀತಗಾರ ಗಿಯೋಮ್ ದ ಮಾಶೊ ಕಾಲದ ಮುಕ್ತಾಯವನ್ನೇ ನೋಡಿ. ಕೆಳಗಿನಿಂದ ಇ, ಜಿ ಶಾರ್ಪ್, ಸಿ ಶಾರ್ಪ್ ಎಂಬ ಮೂರು ಸ್ವರ ಒಟ್ಟಿಗೆ ಬರುತ್ತವೆ. ಆಮೇಲೆ ಇ ಕೆಳಗಿಳಿದು ಡಿ ಆಗುತ್ತದೆ. ಜಿ ಶಾರ್ಪ್ ಮೇಲಿನ ಎಗೆ, ಸಿ ಶಾರ್ಪ್ ಮೇಲಿನ ಡಿಗೆ ಹತ್ತುತ್ತವೆ. ಇ-ಜಿ ಶಾರ್ಪ್ ನಡುವಿನ ಗಾಂಧಾರದ ಅಂತರ ಪಂಚಮವಾಗಿ ಅಗಲವಾಯಿತು, ಇ-ಸಿ ಶಾರ್ಪ್ ನಡುವಿನ ಧೈವತದ್ದು ಸ್ಥಾಯಿಯಾಗಿ ಅಗಲವಾಯಿತು. ಮೊದಲಿನ ಸ್ವರಗುಚ್ಛ ಎಷ್ಟು ಬಿಗಿಯಾಗಿದೆಯೋ, ಮೇಲೆ ಹತ್ತುವ ಕೊನೆಯ ಹೆಜ್ಜೆ (ಜಿ ಶಾರ್ಪ್‌ನಿಂದ ಎಗೆ, ಸಿ ಶಾರ್ಪ್‌ನಿಂದ ಡಿಗೆ) ಎಷ್ಟು ಸಣ್ಣದೋ, ಬಿಡುಗಡೆ ಅಷ್ಟು ಚೆನ್ನಾಗಿ ಕೇಳುತ್ತದೆ. 12 ಸಮಪಾಲಿನಲ್ಲಿ ಆ ಹೆಜ್ಜೆ 100 ಸೆಂಟ್ಸ್, ಪೈಥಾಗೊರಸ್ ಶ್ರುತಿಯಲ್ಲಿ 90.

ಹಾಗಾದರೆ ಪೈಥಾಗೊರಸ್ ಶ್ರುತಿಯನ್ನೇ ಬಳಸಬಹುದಲ್ವಾ? ಹಳೆಯ ಕೃತಿ ನುಡಿಸುವಾಗ ಖಂಡಿತ ಅದೇ ಸರಿ. 53 ಸಮಪಾಲು ಮಾಡಿದರೂ ಕಿವಿಗೆ ಹೆಚ್ಚುಕಡಿಮೆ ಅದೇ ಸಿಗುತ್ತದೆ. ನಾನು ಬರೆಯುವುದು ಹೊಸದು. ಆ ಗುಣ ಇನ್ನೂ ಸ್ವಲ್ಪ ಎದ್ದು ಕಾಣಲಿ ಅನ್ನುವುದು ನನ್ನ ಆಸೆ. 29ರಲ್ಲಿ ಗಾಂಧಾರ 414, ಕೊನೆಯ ಹೆಜ್ಜೆ 83. ಇಷ್ಟಾದರೂ ಪಂಚಮ ಕೆಡುವುದಿಲ್ಲ. ಶುದ್ಧ ಪಂಚಮಕ್ಕಿಂತ ಒಂದೂವರೆ ಸೆಂಟ್ಸ್ ಮಾತ್ರ ಜಾಸ್ತಿ. 12 ಸಮಪಾಲಿನ ಪಂಚಮ ಸುಮಾರು ಎರಡು ಸೆಂಟ್ಸ್ ಕಡಿಮೆ ಇದೆ, ಅದಕ್ಕಿಂತ ಇದೇ ವಾಸಿ.

17 ಸಮಪಾಲನ್ನೂ ನಾನು ಬಳಸುತ್ತೇನೆ, ಆದರೆ ಹಾರ್ಪಿನಂಥ ಮೀಟುವ ದನಿಗೆ ಮಾತ್ರ. ಅಲ್ಲಿ ಗಾಂಧಾರ 424, ಹೆಜ್ಜೆ 71. ಭಾರೀ ಖಾರ. ಪಂಚಮವೂ ನಾಲ್ಕು ಸೆಂಟ್ಸ್ ಅಗಲ. ಆರ್ಗನ್ನಿನಲ್ಲಿ ಮಧ್ಯದ ಸಿ ಮತ್ತು ಅದರ ಮೇಲಿನ ಜಿ ಹಿಡಿದು ನಿಂತರೆ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ ದನಿ ಏರಿಳಿಯುತ್ತದೆ. ಮೀಟಿದ ತಂತಿಯಲ್ಲಿ ಅದು ಗೊತ್ತಾಗುವಷ್ಟರಲ್ಲಿ ದನಿಯೇ ಆರಿರುತ್ತದೆ.

ಇನ್ನು ಮಾಡುವ ಬಗೆ. 29 ಕೀಲಿಯ ವಾದ್ಯ ಏನೂ ಬೇಡ. ಪಂಚಮದ ಸರಪಳಿಯಲ್ಲಿ ಇ ಫ್ಲ್ಯಾಟಿನಿಂದ ಜಿ ಶಾರ್ಪ್‌ವರೆಗಿನ 12 ಸ್ವರ ಆರಿಸಿಕೊಳ್ಳಿ. ಸಿಯಿಂದ ಎಣಿಸಿದರೆ 29ರಲ್ಲಿ ಅವುಗಳ ಜಾಗ 0, 3, 5, 7, 10, 12, 15, 17, 20, 22, 24, 27. ಪ್ರತಿ ಸಂಖ್ಯೆಯನ್ನು 41.379ರಿಂದ ಗುಣಿಸಿದರೆ ಸೆಂಟ್ಸ್ ಬರುತ್ತದೆ. ಇದನ್ನು ಸ್ಕಾಲಾ ಫೈಲಿನಲ್ಲಿ (ಶ್ರುತಿಯ ಸ್ವರಗಳನ್ನು ಪಟ್ಟಿ ಮಾಡುವ ಪಠ್ಯ ಫೈಲ್) ಬರೆದು ಸರ್ಜ್ ಎಕ್ಸ್‌ಟಿ ಎಂಬ ಉಚಿತ ಸಿಂಥಸೈಜರಿಗೆ ಹಾಕುತ್ತೇನೆ. ಮೊದಲ ಸ್ವರವನ್ನು ಫೈಲಿನಲ್ಲಿ ಬರೆಯಬಾರದು, ಕೊನೆಯ ಸಾಲಿನಲ್ಲಿ 1200.0 ಇರಬೇಕು. ದಶಮಾಂಶ ಚುಕ್ಕಿ ಬಿಟ್ಟರೆ ಆ ಸಂಖ್ಯೆಯನ್ನು ಸೆಂಟ್ಸ್ ಅಲ್ಲ, ಅನುಪಾತ ಅಂತ ಓದಿಕೊಳ್ಳುತ್ತದೆ. ಸಿ ಸ್ವರವನ್ನು ಮಾಮೂಲಿ ಜಾಗದಲ್ಲೇ ಇಟ್ಟರೆ ಎ ಸ್ವರ 440 ಬಿಟ್ಟು 442.6 ಹರ್ಟ್ಸ್‌ಗೆ ಏರುತ್ತದೆ. ಬೇರೆಯವರ ಜೊತೆ ನುಡಿಸುವುದಾದರೆ ಯಾವ ಕೀಲಿಗೆ ಯಾವ ಸ್ವರ ಎಂದು ಹೇಳುವ ಕೀಬೋರ್ಡ್ ಮ್ಯಾಪಿಂಗ್ ಫೈಲಿನಲ್ಲಿ ಎ ಸ್ವರವನ್ನು 440ಕ್ಕೆ ಕಟ್ಟಿಹಾಕಿ.

ಜಿ ಶಾರ್ಪ್ ಮತ್ತು ಇ ಫ್ಲ್ಯಾಟ್ ಒಟ್ಟಿಗೆ ಬಂದರೆ ಕಿವಿ ಹಿಡಿಯಬೇಕಾಗುತ್ತದೆ, ಆ ಪಂಚಮ ಬರೀ 662 ಸೆಂಟ್ಸ್. ಈ ಧಾಟಿಯ ಕೃತಿಯಲ್ಲಿ ಆ ಜೋಡಿ ಬೇಕಾಗುವುದೇ ಅಪರೂಪ.

ನನಗೆ 29ರ ಮೇಲೆ ಪ್ರೀತಿ ಬರಲು ಇನ್ನೊಂದು ಕಾರಣ ಇಟಲಿಯ ಸಂಗೀತ ಶಾಸ್ತ್ರಜ್ಞ, ಪಾದುವಾದ ಮಾರ್ಕೆತ್ತೊ. 1318ರ ಸುಮಾರಿಗೆ ಬರೆದ ಲುಚಿದಾರಿಯಂ ಗ್ರಂಥದಲ್ಲಿ ಅವನು ಪೂರ್ಣ ಸ್ವರವನ್ನು (ಸಿಯಿಂದ ಡಿವರೆಗಿನಂಥ ಅಂತರ) ಐದು ಭಾಗ ಮಾಡುತ್ತಾನೆ. ಮುಕ್ತಾಯದಲ್ಲಿ ನಾಲ್ಕು ಭಾಗ ಮೇಲೇರಿಸಿ, ಕೊನೆಗೆ ಒಂದೇ ಭಾಗದ ಹೆಜ್ಜೆ ಉಳಿಸುತ್ತಾನೆ. ಆ ಭಾಗಗಳೆಲ್ಲ ಸಮವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ಆದರೆ 29ರಲ್ಲಿ ಪೂರ್ಣ ಸ್ವರ ಸರಿಯಾಗಿ ಐದು ಪಾಲು! ಹಾಗಾಗಿ ಅವನ ಮುಕ್ತಾಯವನ್ನು ನುಡಿಸಿಯೇ ನೋಡಬಹುದು. ಸಿ ಶಾರ್ಪ್ ಮತ್ತು ಜಿ ಶಾರ್ಪ್ ಎರಡನ್ನೂ ಒಂದೊಂದು ಪಾಲು ಏರಿಸಿ ಇನ್ನೊಂದು ಫೈಲ್ ಮಾಡಿಟ್ಟುಕೊಂಡಿದ್ದೇನೆ. ಅದನ್ನು ಬೇರೆ ಟ್ರ್ಯಾಕಿಗೆ ಹಾಕಿ, ಮುಕ್ತಾಯದ ಆ ಒಂದು ಸ್ವರಗುಚ್ಛವನ್ನು ಅಲ್ಲಿಂದ ನುಡಿಸುತ್ತೇನೆ. ಹೆಜ್ಜೆ 41 ಸೆಂಟ್ಸ್‌ಗೆ ಇಳಿಯುತ್ತದೆ. ಪ್ರತಿ ಸಾಲಿನ ಕೊನೆಗೂ ಹೀಗೆ ಮಾಡಿದರೆ ಅತಿಯಾಗುತ್ತದೆ, ಕೃತಿಯ ಕಟ್ಟಕಡೆಯ ಮುಕ್ತಾಯಕ್ಕೆ ಮಾತ್ರ ಇಟ್ಟುಕೊಳ್ಳಿ.