ಚೀಟಿ ಬರೆದೇ ಗೆದ್ದೆ: ‘ಚಂದ್ರಕಾಂತಾ’ ಲೇಖನ ಬೆಳೆಸಿದ ನನ್ನ ಅನುಭವ

‘ಚಂದ್ರಕಾಂತಾ ದೇವಕೀನಂದನ ಖತ್ರಿಯವರು 1888ರಲ್ಲಿ ನೀಡಿದ ಜನಪ್ರಿಯ ಉಪನ್ಯಾಸವಾಗಿದೆ.’

ಕನ್ನಡ ವಿಕಿಪೀಡಿಯದ ಲೇಖನಕ್ಕೆಂದು 3,000 ರೂಪಾಯಿ ಎಣಿಸಿ ಕೊಟ್ಟು ಮಾಡಿಸಿದ ಅನುವಾದದ ಮೊದಲ ಸಾಲು ಇದು. ಹಿಂದಿಯವರ ಉಪನ್ಯಾಸ ನಮ್ಮ ಕಾದಂಬರಿ. ನಮ್ಮ ಉಪನ್ಯಾಸ ವೇದಿಕೆ ಮೇಲೆ ನಿಂತು ಮಾಡುವಂಥದ್ದು. ಮೂವತ್ತು ವರ್ಷಕ್ಕೂ ಮೇಲೆ ಚಿತ್ರದುರ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ಹಿಂದಿ ಹೇಳಿಕೊಟ್ಟವನು ನಾನು. ಆ ಸಾಲು ಓದಿದ ರಾತ್ರಿ ಊಟ ಸೇರಲಿಲ್ಲ. ದುಡ್ಡು ಹೋಯಿತು ಅಂತಲ್ಲ, ಅಂಥ ಪುಸ್ತಕ ಕನ್ನಡದಲ್ಲಿ ಈ ರೂಪದಲ್ಲಿ ಕಾಣಿಸಿಕೊಳ್ಳಬೇಕಾ ಅನ್ನುವ ಸಂಕಟ. ಅನುವಾದಕ್ಕೆ ಒಪ್ಪಿಕೊಂಡಿದ್ದ ಹುಡುಗ ವಿಕಿಪೀಡಿಯದ ಇಂಗ್ಲಿಷ್ ಲೇಖನವನ್ನೂ ಹಿಂದಿ ಲೇಖನವನ್ನೂ ಯಂತ್ರಕ್ಕೆ ಹಾಕಿ ತೆಗೆದು, ತೇಪೆ ಹಚ್ಚಿ ಕೊಟ್ಟಿದ್ದ. ಪುಣ್ಯಕ್ಕೆ ಅದನ್ನು ವಿಕಿಯಲ್ಲಿ ಕರಡು ಬರೆದಿಡುವ ಪ್ರಯೋಗಪುಟದಲ್ಲೇ ಇಟ್ಟಿದ್ದೆ, ಲೇಖನಕ್ಕೆ ಏರಿಸಿರಲಿಲ್ಲ. ಪೂರ್ತಿ ಅಳಿಸಿದೆ.

ಅದು ಎರಡನೇ ಸೋಲು. ಮೊದಲನೆಯದು ಪೂರ್ತಿ ನನ್ನದೇ ತಪ್ಪು. ಕನ್ನಡ ವಿಕಿಪೀಡಿಯದಲ್ಲಿ ನಾನು ನೋಡಿದಾಗ ಈ ಕಾದಂಬರಿಗೆ ಇದ್ದದ್ದು ನಾಲ್ಕು ಸಾಲು. 1994ರಲ್ಲಿ ದೂರದರ್ಶನದಲ್ಲಿ ನೀರಜಾ ಗುಲೇರಿಯವರ ‘ಚಂದ್ರಕಾಂತಾ’ ಧಾರಾವಾಹಿ ಬರುತ್ತಿದ್ದಾಗ ಭಾನುವಾರ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ಅಕ್ಕಪಕ್ಕದವರೆಲ್ಲ ಸೇರುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಅರ್ಥ ಹೇಳುತ್ತಿದ್ದೆ. ಕಥೆ ನನಗೆ ಬಾಯಿಪಾಠ ಅನ್ನುವ ಧೈರ್ಯದಲ್ಲಿ ಒಂದೇ ರಾತ್ರಿ ಆರುನೂರು ಪದಗಳ ಕಥಾಸಾರಾಂಶ ಬರೆದು ಹಾಕಿದೆ. ಎರಡನೇ ದಿನಕ್ಕೆ ಅನುಭವಿ ಸಂಪಾದಕರೊಬ್ಬರು ತೆಗೆದುಹಾಕಿದರು: ‘ಇದು ಧಾರಾವಾಹಿಯ ಕಥೆ, ಕಾದಂಬರಿಯದಲ್ಲ, ಉಲ್ಲೇಖವೂ ಇಲ್ಲ.’ ಚರ್ಚೆ ಪುಟದಲ್ಲಿ ನಾಲ್ಕು ದಿನ ವಾದ ಮಾಡಿದೆ. ಆಮೇಲೆ ಪುಸ್ತಕ ತೆರೆದು ನೋಡಿದರೆ ಅವರದೇ ಸರಿ. ಅಖಿಲೇಂದ್ರ ಮಿಶ್ರಾ ಅವರ ಕ್ರೂರಸಿಂಹ ಕೂಗುತ್ತಿದ್ದ ಆ ‘ಯಕ್ಕೂ’ ಕೂಡ ಖತ್ರಿಯವರ ಕಾದಂಬರಿಯಲ್ಲಿ ಎಲ್ಲೂ ಇಲ್ಲ. ಧಾರಾವಾಹಿಯವರು ಮೂಲಕ್ಕೆ ಸೇರಿಸಿದ್ದು ಬಹಳ. ನನ್ನ ತಲೆಯಲ್ಲಿ ಎರಡೂ ಕಲಸಿಕೊಂಡು ಒಂದಾಗಿದ್ದವು.

ಮೂರನೇ ಸೋಲು ಅಗ್ಗದ ಪುಸ್ತಕದ್ದು. 200ಕ್ಕೋ 220ಕ್ಕೋ ಒಂದು ಪ್ರತಿ ತರಿಸಿ ಮೂರು ವಾರ ಟಿಪ್ಪಣಿ ಮಾಡಿದ ಮೇಲೆ ಅದು ಸಂಕ್ಷಿಪ್ತ ಆವೃತ್ತಿ ಅಂತ ಗೊತ್ತಾಯಿತು. ಮೂಲದಲ್ಲಿ ನಾಲ್ಕು ಭಾಗ, ಒಂದೊಂದು ಭಾಗದೊಳಗೆ ‘ಬಯಾನ್’ ಎಂಬ ಅಧ್ಯಾಯಗಳು. ನನ್ನ ಪ್ರತಿಯಲ್ಲಿ ಬಯಾನುಗಳನ್ನೇ ಕಿತ್ತು ಹಾಕಿ ಒಂದೇ ಸಮನೆ ಕಥೆ ಹರಿಸಿದ್ದರು. ಅದರ ಪುಟಸಂಖ್ಯೆ ಕೊಟ್ಟರೆ ಯಾರು ತಾನೇ ತಾಳೆ ನೋಡಲಾದೀತು? ಅಷ್ಟೂ ಟಿಪ್ಪಣಿ ಒಲೆಗೆ ಹೋಯಿತು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಎರಡು ಸಲ ಹುಡುಕಿ, ಕೊನೆಗೆ ಬನಾರಸ್ಸಿನಿಂದ ಅಂಚೆಯಲ್ಲಿ ಪೂರ್ಣಪಾಠ ತರಿಸಿದೆ. ಸಾಗಣೆ ಸೇರಿ 480ರ ಸುಮಾರು.

ಇಷ್ಟಾದ ಮೇಲೆ ಚೀಟಿ ಪದ್ಧತಿಗೆ ಇಳಿದೆ. ಗಾಂಧಿ ವೃತ್ತದ ಕಡೆಯ ಒಂದು ಮುದ್ರಣಾಲಯದಲ್ಲಿ ಉಳಿಕೆ ಲಗ್ನಪತ್ರಿಕೆ ಕಾಗದವನ್ನು ಕಟ್ಟಿಗೆ 60 ರೂಪಾಯಿಯಂತೆ ಕೊಡುತ್ತಾರೆ, ಅದನ್ನು ಅಂಗೈಯಗಲ ಕತ್ತರಿಸಿಕೊಂಡೆ. ಒಂದು ಚೀಟಿಗೆ ಒಂದೇ ಸಂಗತಿ. ನೆತ್ತಿಯಲ್ಲಿ ಭಾಗ, ಬಯಾನ್, ಪುಟ. ಕೆಳಗೆ ನನ್ನದೇ ಕನ್ನಡದಲ್ಲಿ ಒಂದು ವಾಕ್ಯ, ಪುಸ್ತಕ ಮುಚ್ಚಿಟ್ಟು ಬರೆದದ್ದು. ತೆರೆದಿಟ್ಟು ಬರೆದರೆ ಹಿಂದಿಯ ವಾಕ್ಯವೇ ಕನ್ನಡದ ಅಂಗಿ ತೊಟ್ಟು ಕೂರುತ್ತದೆ. ಚೀಟಿ ಇಲ್ಲದ ಸಾಲು ಲೇಖನಕ್ಕೆ ಹೋಗಕೂಡದು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡೆ.

ಗೆಳೆಯರು ಒಪ್ಪಲಿಲ್ಲ. ‘ಅಲ್ರೀ ಮೇಷ್ಟ್ರೆ, ಫೋನು ಹತ್ತು ನಿಮಿಷಕ್ಕೆ ಮಾಡಿ ಕೊಡ್ತದೆ, ನೀವು ಕತ್ತರಿ ಹಿಡ್ಕೊಂಡು ಕೂತೀರಲ್ಲ’ ಅಂದವರು ಒಬ್ಬರಲ್ಲ. ವಿಕಿಯಲ್ಲಿ ಪಳಗಿದ ಒಬ್ಬರು, ಅಷ್ಟು ತಿಂಗಳಲ್ಲಿ ನೂರು ಲೇಖನ ಶುರು ಮಾಡಬಹುದು ಅಂದರು. ನೂರು ಶುರು ಮಾಡುವವರು ಮಾಡಲಿ. ಈ ಒಂದು ನೆಟ್ಟಗಾಗಬೇಕು ಅನ್ನುವುದು ನನ್ನ ಹಟವಾಗಿತ್ತು.

ಈ ಕಾದಂಬರಿಗೆ ಚೀಟಿಯೇ ಯಾಕೆ ಬೇಕು ಅಂದರೆ, ಕಥೆಯ ತುಂಬ ಐಯಾರರು, ಅಂದರೆ ವೇಷ ಮರೆಸಿ ಬೇಹು ನಡೆಸುವವರು. ವಿಜಯಗಢದ ರಾಜಕುಮಾರಿ ಚಂದ್ರಕಾಂತಾ, ನೌಗಢದ ರಾಜಕುಮಾರ ವೀರೇಂದ್ರಸಿಂಹ, ಇವರ ಪ್ರೀತಿಗೆ ಅಡ್ಡ ಬರುವ ಕ್ರೂರಸಿಂಹ, ಅವನು ಹೋಗಿ ಸೇರುವ ಚುನಾರ್‌ಗಢದ ಶಿವದತ್ತ: ಇಷ್ಟನ್ನು ಯಾರಾದರೂ ಹೇಳಬಹುದು. ಆದರೆ ತೇಜ್‌ಸಿಂಗ್, ಚಪಲಾ, ನಾಜಿಮ್, ಅಹಮದ್ ಇವರೆಲ್ಲ ಗಳಿಗೆಗೊಂದು ವೇಷ ಹಾಕುವವರು. ಹತ್ತು ಪುಟದ ಹಿಂದೆ ಮಾತಾಡಿದವನು ಅವನಲ್ಲವೇ ಅಲ್ಲ ಅಂತ ಆಮೇಲೆ ತಿಳಿಯುತ್ತದೆ. ಸಾರಾಂಶ ಬರೆಯುವವರು ಎಡವುವುದು ಇಲ್ಲೇ. ನಾನು ಮಾಡಿದ ಉಪಾಯ ಇದು: ಕಾಣುವ ರೂಪವನ್ನು ನೀಲಿ ಶಾಯಿಯಲ್ಲಿ ಬರೆದೆ, ನಿಜವಾದ ಮನುಷ್ಯನನ್ನು ಕೆಂಪು ಶಾಯಿಯಲ್ಲಿ. ಯಾರೆಂದು ಕೊನೆಗಷ್ಟೇ ತಿಳಿಯುವ ವನಕನ್ಯೆಯ ಚೀಟಿಗಳಲ್ಲಿ ಕೆಂಪಿನ ಜಾಗ ಖಾಲಿ ಬಿಟ್ಟಿದ್ದೆ. ನಾಲ್ಕನೇ ಭಾಗ ಮುಗಿಸಿದ ರಾತ್ರಿ ಅವನ್ನೆಲ್ಲ ಒಟ್ಟಿಗೆ ತುಂಬಿದೆ. ಆಮೇಲೆ ಚೀಟಿಗಳನ್ನು ಚಾಪೆ ಮೇಲೆ ಕೆಂಪು ಹೆಸರಿನ ಪ್ರಕಾರ ಹರಡಿದಾಗ ಇಡೀ ಕಥೆ ಒಂದೇ ನೋಟಕ್ಕೆ ಸಿಕ್ಕಿತು. ಇಷ್ಟು ಬಿಡಿಸಿ ಹೇಳಿದ ಕಥಾಸಾರಾಂಶ ಬೇರೆ ಯಾವ ಭಾಷೆಯ ಲೇಖನದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಸುಮಾರು 430 ಚೀಟಿ ಆದವು. ಲೇಖನಕ್ಕೆ ಹೋದದ್ದು 250ರ ಆಸುಪಾಸು.

ಹೆಚ್ಚು ದಿನ ತಿಂದದ್ದು ಪದಗಳು. ಐಯಾರ ಅನ್ನುವುದಕ್ಕೆ ಮೊದಲು ಗೂಢಚಾರ ಅಂತ ಹಾಕಿದೆ, ಸಾಲಲಿಲ್ಲ. ಹಗಲುವೇಷದವರು ಅಂದರೆ ವೇಷ ಬಂತು, ಬೇಹು ಬರಲಿಲ್ಲ. ಖತ್ರಿಯವರೇ ಮುನ್ನುಡಿಯಲ್ಲಿ ಬಿಡಿಸಿ ಹೇಳಿದ್ದಾರೆ: ರೂಪ ಬದಲಿಸುವುದು, ಔಷಧ ಬಲ್ಲದ್ದು, ಹಾಡು ವಾದ್ಯ, ಓಟ, ಶಸ್ತ್ರ, ಬೇಹುಗಾರಿಕೆ ಎಲ್ಲವೂ ಗೊತ್ತಿರುವ ಆಸ್ಥಾನದ ನೌಕರ, ರಕ್ತ ಹರಿಸದೆ ಯುದ್ಧ ಮುಗಿಸುವವನು. ಇಷ್ಟೆಲ್ಲ ಹೊರುವ ಒಂಟಿ ಪದ ಕನ್ನಡದಲ್ಲಿ ಸಿಗಲಿಲ್ಲ. ಹಾಗಾಗಿ ‘ಐಯಾರ’ ಅಂತಲೇ ಇಟ್ಟು, ಮೊದಲ ಸಲ ಬಂದಲ್ಲಿ ಮುನ್ನುಡಿಯ ಆಧಾರ ಕೊಟ್ಟು ಅರ್ಥ ಬರೆದೆ. ಅವರ ಬಟುವಾಗೆ ‘ಸಂಚಿ’ ಥಟ್ಟನೆ ಒಪ್ಪಿತು. ಅದಕ್ಕೆ ವಿವರಣೆ ಬೇಕಾಗಲಿಲ್ಲ, ನಮ್ಮ ಅಜ್ಜಿಯರ ಸೊಂಟದಲ್ಲೇ ಇತ್ತಲ್ಲ. ಮೂರ್ಛೆಯಿಂದ ಎಬ್ಬಿಸಲು ಮೂಸಿಸುವ ‘ಲಖಲಖಾ’ ಹಾಗೇ ಉಳಿಯಿತು. ಗುಪ್ತ ಬಾಗಿಲು, ಯಂತ್ರಗಳ ನಿಗೂಢ ತಾಣವಾದ ತಿಲಿಸ್ಮ್ ಅನ್ನು ಮಾಯಾಜಾಲ ಅಂದರೆ ಮಾಟಮಂತ್ರ ಆಗುತ್ತದೆ. ಆದರೆ ಖತ್ರಿಯವರ ತಿಲಿಸ್ಮಿನಲ್ಲಿ ಮಂತ್ರಕ್ಕಿಂತ ಯಂತ್ರ ಹೆಚ್ಚು. ತೇಜ್‌ಸಿಂಗ್ ಸೆರೆಯಾಳುಗಳನ್ನಿಡುವ ಗವಿಯ ಬಾಗಿಲಲ್ಲಿ ಸಿಂಹದ ಮುಖ, ಬಾಯೊಳಗೆ ಕೈ ಹಾಕಿ ನಾಲಿಗೆ ಎಳೆದರೆ ಬಾಗಿಲು ತೆರೆಯುತ್ತದೆ. ಅಂಥ ಕಡೆಯೆಲ್ಲ ‘ತಿಲಿಸ್ಮಿ ಕೋಟೆ’ ಅಂದೆ. ‘ತೋಡ್ನಾ’ಗೆ ‘ಮುರಿಯುವುದು’ ಬಿಟ್ಟು ‘ಭೇದಿಸುವುದು’ ಹಾಕಿದೆ. ಏಳುಸುತ್ತಿನ ಕೋಟೆಯ ಊರಿನವನಿಗೆ ಕೋಟೆಯ ಜೊತೆ ಯಾವ ಕ್ರಿಯಾಪದ ಹೋಗುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಬರೆದದ್ದನ್ನು ಓದಿ ಹೇಳುವುದಕ್ಕೆ ನಮ್ಮ ಬೀದಿಯ ಕಿರಾಣಿ ಅಂಗಡಿಯವರನ್ನು ಹಿಡಿದುಕೊಂಡೆ. ಹಿಂದಿ ಅಷ್ಟಕ್ಕಷ್ಟೆ, ವಿಕಿ ಗೊತ್ತಿಲ್ಲ, ಕಥೆ ಅಂದರೆ ಪ್ರಾಣ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಓದುತ್ತಿದ್ದೆ. ಅವರು ‘ಯಾರು?’ ಅಂತ ಕೇಳಿದ ಪ್ರತಿ ಜಾಗಕ್ಕೂ ಪೆನ್ಸಿಲ್ ಗುರುತು. ಮೊದಲ ಓದಿಗೆ ನಲವತ್ತಕ್ಕೂ ಹೆಚ್ಚು ಗುರುತು ಬಿದ್ದವು, ನಾಲ್ಕನೇ ಓದಿಗೆ ಮೂರೋ ನಾಲ್ಕೋ. ವನಕನ್ಯೆಯ ಗುಟ್ಟು ಬಂದಾಗ ಮಾತ್ರ ಸಿಟ್ಟಾದರು. ‘ಮೊದಲೇ ಹೇಳಿಬಿಟ್ರೆ ಪುಸ್ತಕ ಯಾರು ಓದ್ತಾರೆ?’ ವಿಶ್ವಕೋಶದಲ್ಲಿ ಗುಟ್ಟು ಮುಚ್ಚಿಡುವ ಹಾಗಿಲ್ಲ, ಅದಕ್ಕೆ ಅದನ್ನು ತೆಗೆಯಲಿಲ್ಲ. ಆದರೆ ಪೀಠಿಕೆಯಿಂದ ಇಳಿಸಿ ಕಥಾಸಾರಾಂಶದ ಕೊನೆಗೆ ಹಾಕಿದೆ. ಅದು ಅವರ ಮಾತಿಗೆ ಕೊಟ್ಟ ಬೆಲೆ.

ನಡುವೆ ಒಂದು ಪ್ರಯೋಗ ಮಾಡಿದೆ. ರಜೆಗೆ ದಾವಣಗೆರೆಯಿಂದ ಬಂದಿದ್ದ ಮೊಮ್ಮಕ್ಕಳನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋಗಿ, ಅಂಕಲಿ ಮಠದ ನೆಲದಡಿಯ ಗವಿಯಿಂದ ಹೊರಗೆ ಬಂದ ಕೂಡಲೇ ಬಂಡೆ ಮೇಲೆ ಕೂರಿಸಿ ತಿಲಿಸ್ಮಿನ ಭಾಗ ಓದಿದೆ. ಕತ್ತಲಲ್ಲಿ ಬಗ್ಗಿ ನಡೆದು ಬಂದ ಮಕ್ಕಳಿಗೆ ‘ಒಂದು ಕೋಣೆಯಿಂದ ಇನ್ನೊಂದಕ್ಕೆ’ ಅನ್ನುವ ನನ್ನ ಸಾಲು ಸಪ್ಪೆ ಅನ್ನಿಸಿತು. ‘ಎಷ್ಟು ಬಾಗಿಲು ತಾತ? ಹೊರಗೆ ಹೇಗೆ ಬಂದ್ರು?’ ಅಂದರು. ಮನೆಗೆ ಬಂದು ಆ ಪ್ಯಾರಾವನ್ನು ಬಾಗಿಲು, ಮೆಟ್ಟಿಲು ಲೆಕ್ಕಕ್ಕೆ ಹೊಸದಾಗಿ ಕಟ್ಟಿದೆ. ಚಂದ್ರವಳ್ಳಿಗೂ ಚಂದ್ರಕಾಂತಾಗೂ ಹೋಲಿಕೆ ಮಾಡಿ ಒಂದು ಸಾಲು ಸೇರಿಸುವ ಆಸೆ ಬಹಳ ಇತ್ತು. ಅದು ಸ್ವಂತ ಸಂಶೋಧನೆ ಆಗುತ್ತದೆ, ವಿಕಿಯಲ್ಲಿ ಅದಕ್ಕೆ ಜಾಗವಿಲ್ಲ, ಬಿಟ್ಟೆ. ಕಾದಂಬರಿಯ ನೆಲ ಎಲ್ಲಿದೆಯೋ ಅಲ್ಲೇ ಇರಲಿ: ಚುನಾರ್ ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯ ಗಂಗೆಯ ದಂಡೆಯಲ್ಲಿ, ವಿಜಯಗಢ ಸೋನಭದ್ರದಲ್ಲಿ, ನೌಗಢ ಚಂದೌಲಿಯಲ್ಲಿ.

ಕಥೆಗೆ ಕಾದಂಬರಿಯೇ ಆಧಾರವಾದೀತು. ಉಳಿದದ್ದಕ್ಕೆ ಬೇರೆಯವರ ಮಾತು ಬೇಕು. ‘ಚಂದ್ರಕಾಂತಾ ಓದುವುದಕ್ಕಾಗಿಯೇ ಜನ ಹಿಂದಿ ಕಲಿತರು’ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ, ಎಲ್ಲಿಂದ ಬಂತು ಅಂತ ಹೇಳುವವರು ಕಡಿಮೆ. ಅದು ಆಚಾರ್ಯ ರಾಮಚಂದ್ರ ಶುಕ್ಲರ ಹಿಂದಿ ಸಾಹಿತ್ಯ ಚರಿತ್ರೆಯಲ್ಲಿದೆ: ಇಷ್ಟು ಓದುಗರನ್ನು ಹುಟ್ಟಿಸಿದ ಬೇರೆ ಲೇಖಕ ಇಲ್ಲ, ಉರ್ದು ಮಾತ್ರ ಬಲ್ಲ ಎಷ್ಟೋ ಜನ ಇದಕ್ಕಾಗಿ ಹಿಂದಿ ಕಲಿತರು ಅಂತ. ಆದರೆ ಅದೇ ಶುಕ್ಲರು ಅಲ್ಲೇ ಇನ್ನೊಂದು ಮಾತನ್ನೂ ಹೇಳಿದ್ದಾರೆ. ಇವು ಘಟನೆಗಳ ಕಿಸ್ಸೆಗಳು, ಬದುಕಿನ ಬೇರೆ ಬೇರೆ ಮುಖ ತೋರಿಸುವ ಪ್ರಯತ್ನ ಇಲ್ಲ, ಸಾಹಿತ್ಯದ ಸಾಲಿಗೆ ಬರುವುದಿಲ್ಲ ಎಂದು. ಹೊಗಳಿಕೆಯನ್ನಷ್ಟೇ ಎತ್ತಿಕೊಂಡು ತೆಗಳಿಕೆ ಬಿಡುವುದು ಮೋಸ. ಎರಡನ್ನೂ ಒಂದೇ ಪ್ಯಾರಾದಲ್ಲಿ ಅಕ್ಕಪಕ್ಕ ಇಟ್ಟೆ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ, ಆದರೆ ನನ್ನ ಅಭಿಪ್ರಾಯಕ್ಕೆ ಚೀಟಿ ಇಲ್ಲ.

ಹಿನ್ನೆಲೆ ವಿಭಾಗದಲ್ಲಿ ಉರ್ದುವಿನ ದಾಸ್ತಾನ್, ಅಂದರೆ ಉದ್ದನೆಯ ಸಾಹಸಕಥೆಗಳ ಪರಂಪರೆ ತಂದೆ. ಲಖನೌದ ನವಲ್‌ಕಿಶೋರ್ ಮುದ್ರಣಾಲಯದಿಂದ 1883ರಿಂದ ಹೊರಬಂದ ‘ತಿಲಿಸ್ಮ್-ಎ-ಹೋಶ್‌ರುಬಾ’ ಹೇಳದೆ ಈ ಕಾದಂಬರಿಯ ತಿಲಿಸ್ಮ್, ಐಯಾರ ಎಲ್ಲಿಂದ ಬಂದರು ಅಂತ ತಿಳಿಯುವುದಿಲ್ಲ. ಪ್ರಕಟಣೆ ವರ್ಷ 1888 ಅಂತ ಹೆಚ್ಚಿನವರು, 1891 ಅಂತ ಕೆಲವರು ಕೊಡುತ್ತಾರೆ. ಎರಡಕ್ಕೂ ಆಧಾರ ಕೊಟ್ಟೆ. ಖತ್ರಿಯವರು ತೀರಿಕೊಂಡದ್ದು 1913ರಲ್ಲಿ. ಹಾಗಾಗಿ ಮೂಲದ ಹಕ್ಕಿನ ತಕರಾರು ಏನೂ ಇಲ್ಲ.

ಟೈಪಿಂಗಿನಲ್ಲೂ ಏಟು ತಿಂದೆ. ಮೊದಲ ಮೂವತ್ತು ಪುಟ ‘ನುಡಿ’ ತಂತ್ರಾಂಶದಲ್ಲಿ ಮಾಡಿಸಿ ಯುನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತುಗಳೆಲ್ಲ ಚೆಲ್ಲಾಪಿಲ್ಲಿ. ಪುಟಕ್ಕೆ 20ರಂತೆ 600 ರೂಪಾಯಿ ನೀರಿಗೆ ಬಿತ್ತು, ಆಮೇಲೆ ನಾನೇ ಕೂತು ಕುಟ್ಟಿದೆ. ಇನ್ನೊಂದು, ತೇಜ್‌ಸಿಂಗ್ ಅಂತ ಬಿಡಿಸಿ ಬರೆಯಲು ಜ್ ಆದ ಮೇಲೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಹಾಕಬೇಕು, ಇಲ್ಲದಿದ್ದರೆ ಒತ್ತಕ್ಷರ ಆಗುತ್ತದೆ. ಹಾಕಿದರೆ, ಅದಿಲ್ಲದೆ ಹುಡುಕುವವರಿಗೆ ಹೆಸರು ಸಿಗದೆ ಹೋಗಬಹುದು. ಎರಡೂ ರೂಪಕ್ಕೆ ಪುನರ್ನಿರ್ದೇಶನ ಮಾಡಿದೆ, ಯಾವುದನ್ನು ಹುಡುಕಿದರೂ ಲೇಖನಕ್ಕೇ ಬರುವ ಹಾಗೆ. ಕನ್ನಡದವರು ದೀರ್ಘ ಬಿಟ್ಟು ‘ಚಂದ್ರಕಾಂತ’ ಅಂತ ಹುಡುಕುತ್ತಾರೆ, ಅದು ನಮ್ಮಲ್ಲಿ ಗಂಡಸರ ಹೆಸರು. ಅಲ್ಲಿಂದಲೂ ಕೊಂಡಿ ಹಾಕಿದ ಮೇಲೆ ದಿನಕ್ಕೆ ಒಂದೋ ಎರಡೋ ಇದ್ದ ಭೇಟಿ ಹದಿನೈದು ಇಪ್ಪತ್ತಕ್ಕೆ ಏರಿತು. ಓದುಗರನ್ನು ತಂದ ಇನ್ನೊಂದು ದಾರಿಯೂ ಇದೆ, ಅದನ್ನು ಮುಂದಿನ ಲೇಖನಕ್ಕೂ ಬಳಸುವವನಿದ್ದೇನೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗಾತ್ರ ಈಗ 70 ಸಾವಿರ ಬೈಟಿನ ಮೇಲಿದೆ. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ‘ಕ್ಷ’ ಒಂದಕ್ಕೇ ಒಂಬತ್ತು. ಹಾಗಾಗಿ ಆ ಸಂಖ್ಯೆ ನೋಡಿ ಯಾರೂ ಬೆರಗಾಗಬೇಕಿಲ್ಲ. ನಾನು ಎದೆ ತಟ್ಟಿ ಹೇಳುವ ಲೆಕ್ಕ ಬೇರೆ: ನೂರಹತ್ತರ ಹತ್ತಿರ ಉಲ್ಲೇಖ, ಎಂಟು ತಿಂಗಳಿಂದ ಒಂದು ಕಡೆಯೂ ‘ಆಧಾರ ಬೇಕು’ ಫಲಕ ಬಿದ್ದಿಲ್ಲ. ಹಿಂದೆ ನನ್ನ ಸಾರಾಂಶ ಕಿತ್ತು ಹಾಕಿದ ಸಂಪಾದಕರೇ ಚರ್ಚೆ ಪುಟಕ್ಕೆ ಬಂದು ಎರಡು ಕಾಗುಣಿತ ತಿದ್ದಿ, ಧನ್ಯವಾದ ಬರೆದು ಹೋದರು.

ಒಟ್ಟು ಖರ್ಚು ಅನುವಾದ, ಪುಸ್ತಕ, ಬೆಂಗಳೂರು ಬಸ್ಸು, ಟೈಪಿಂಗ್, ಜೆರಾಕ್ಸ್, ಶಾಯಿ ಸೇರಿ 8,500 ದಾಟಿತು. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಬನಾರಸ್ಸಿನ ಪುಸ್ತಕ, ಲಗ್ನಪತ್ರಿಕೆ ಕಾಗದ, ಎರಡು ಬಾಟಲಿ ಶಾಯಿ, ಹೆಚ್ಚೆಂದರೆ 900. ಹತ್ತಿದ ಕಾಲ ಹನ್ನೊಂದು ತಿಂಗಳು.

ಈಗ ಇದರ ಮುಂದುವರಿಕೆಯಾದ ಖತ್ರಿಯವರ ‘ಚಂದ್ರಕಾಂತಾ ಸಂತತಿ’ ಹಿಡಿದಿದ್ದೇನೆ. 24 ಭಾಗ. ಮೂರನೆಯದರಲ್ಲಿದ್ದೇನೆ, ಚೀಟಿ ಆಗಲೇ ಇನ್ನೂರು ದಾಟಿ ಚಪ್ಪಲಿ ಡಬ್ಬಿ ತುಂಬಿದೆ. ಕಿರಾಣಿ ಅಂಗಡಿಯವರು ಅಕ್ಕಿ ಮೂಟೆಗಳ ಪಕ್ಕ ನನಗೊಂದು ಸ್ಟೂಲು ಹಾಕಿಸಿದ್ದಾರೆ. ಒಂದೇ ಕರಾರು: ಈ ಸಲ ಗುಟ್ಟಿನ ಚೀಟಿಗಳನ್ನು ಅವರಿಗೆ ಕೊನೆಗೆ ಓದಬೇಕು.